ಅರ್ಧಕ್ಕೆ ನಿಂತ 3.8 ಜಿಬಿ

“ಅಣ್ಣಾ, ಸಿ ಡ್ರೈವ್ ಪೂರ್ತಿ ಕೆಂಪಾಗಿತ್ತು. ಯಾವ್ದೋ ಫೋಲ್ಡರ್ ಸುಮ್ನೆ ನಾಲ್ಕು ಜಿಬಿ ತಿಂದು ಕೂತಿತ್ತು. ತೆಗೆದು ಹಾಕ್ದೆ.”

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಕಸ ಗುಡಿಸಿ, ದೇವರ ಫೋಟೊಗೆ ಊದುಬತ್ತಿ ಹಚ್ಚಿ, ನಮ್ಮ ಹುಡುಗ ಬಹಳ ಖುಷಿಯಿಂದ ಇದನ್ನು ಹೇಳಿದ. ಆ ಫೋಲ್ಡರ್‌ನಲ್ಲಿ ಇದ್ದದ್ದು ನನ್ನ ಮೂರು ರಾತ್ರಿಯ ಡೌನ್‌ಲೋಡ್. ಐದು ಜಿಬಿ ದಾಟಿದ ವಿಂಡೋಸ್ 11ರ ಐಎಸ್‌ಓ ಫೈಲು, ಅಂದ್ರೆ ಇಡೀ ವಿಂಡೋಸನ್ನು ಒಂದೇ ಫೈಲಿನಲ್ಲಿ ಕಟ್ಟಿಟ್ಟದ್ದು. ಅದರಲ್ಲಿ 3.8 ಜಿಬಿ ಇಳಿದಿತ್ತು. ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದ. ಕೆಲಸದಲ್ಲಿ ಬಹಳ ಅಚ್ಚುಕಟ್ಟು.

ಬೈಯಲಿಲ್ಲ. ತಪ್ಪು ನನ್ನದೇ. ಅರ್ಧ ಇಳಿದ ಫೈಲು ಎಲ್ಲಿರುತ್ತದೆ ಅಂತ ಅವನಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ನಿಜ ಹೇಳಬೇಕು ಅಂದ್ರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನನ್ನದು ಮಲೆನಾಡಿನ ಒಂದು ಹೋಬಳಿ ಊರಿನಲ್ಲಿ ಕಂಪ್ಯೂಟರ್ ರಿಪೇರಿ, ಜೆರಾಕ್ಸ್, ಡಿಟಿಪಿ ಅಂಗಡಿ. ಫೈಬರ್ ಲೈನ್ ಇದೆ. ಆದ್ರೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದರೆ ವಾರಗಟ್ಟಲೆ ಇಂಟರ್ನೆಟ್ ಇಲ್ಲ. ಆಗ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ 2 ಜಿಬಿ. ಸಿಗ್ನಲ್ ಸಿಗೋದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಲ್ಲೇ ಫೋನು ಚಾರ್ಜಿಗೆ ಹಾಕಿ, ಕೆಳಗೆ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಓಡಿಸುವುದು.

ಆ ಜೂನ್‌ನಲ್ಲಿ ಊರಿನ ಶಾಲೆಯ ಮೇಷ್ಟ್ರು ಎಂಟು ಹಳೇ ಕಂಪ್ಯೂಟರ್‌ಗಳಿಗೆ ಜೀವ ಕೊಡು ಅಂದಿದ್ದರು. ಅದಕ್ಕೆ ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್ ಮಿಂಟ್‌ನ, ಹಳೇ ಕಂಪ್ಯೂಟರ್‌ಗೆ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿ ಬೇಕಿತ್ತು, 3 ಜಿಬಿಗೆ ಸ್ವಲ್ಪ ಕಡಿಮೆ. ಇಂಟರ್ನೆಟ್ ಇಲ್ಲದೆ ಓದೋಕೆ ಕಿವಿಕ್ಸ್‌ನ ಕನ್ನಡ ವಿಕಿಪೀಡಿಯ ಫೈಲು. ಪತ್ರ, ಲೆಕ್ಕ ಬರೆಯೋಕೆ ಲಿಬ್ರೆಆಫೀಸ್, ಮುನ್ನೂರು ಚಿಲ್ಲರೆ ಎಂಬಿ. ಇದರ ಜೊತೆ ಗಿರಾಕಿಯೊಬ್ಬರ ಲ್ಯಾಪ್‌ಟಾಪ್‌ಗೆ ಆ ವಿಂಡೋಸ್, ಮತ್ತೊಬ್ಬರ ಪ್ರಿಂಟರ್‌ನ ಡ್ರೈವರ್. ಎಲ್ಲ ಸೇರಿ ಹತ್ತು ಜಿಬಿ ಹತ್ತಿರ. ನನ್ನ ಹತ್ತಿರ ಇದ್ದದ್ದು ಐಡಿಎಂ, ಅಂದ್ರೆ ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್. ಫೈಲುಗಳನ್ನು ಸಾಲಾಗಿ ಇಳಿಸಿ, ಬೇಕಾದಾಗ ನಿಲ್ಲಿಸಿ ಮುಂದುವರಿಸುವ ಪ್ರೋಗ್ರಾಂ.

ಮೊದಲ ದಿನ ಐದನ್ನೂ ಒಟ್ಟಿಗೆ ಬಿಟ್ಟೆ. ಐದು ಪಟ್ಟಿಗಳು ಹಸಿರಾಗಿ ಓಡೋದು ನೋಡೋಕೆ ಚಂದ. ಎರಡು ರಾತ್ರಿ ಆದ ಮೇಲೆ ನೋಡಿದರೆ ಯಾವುದೂ ಮುಗಿದಿಲ್ಲ. ಮುನ್ನೂರು ಎಂಬಿಯ ಲಿಬ್ರೆಆಫೀಸ್ ಮೊದಲ ರಾತ್ರಿಯೇ ಮುಗಿಯಬೇಕಿತ್ತು, ಅದೂ ಮುಕ್ಕಾಲಿಗೆ ನಿಂತಿದೆ. ಮೇಷ್ಟ್ರು ಬಂದು “ಏನಪ್ಪಾ, ಎಲ್ಲಿಗೆ ಬಂತು?” ಅಂದ್ರೆ ತೋರಿಸೋಕೆ ಒಂದು ಫೈಲೂ ಇಲ್ಲ. ಐದು ಒಲೆ ಹಚ್ಚಿ ಒಂದರಲ್ಲೂ ಅನ್ನ ಬೇಯದ ಹಾಗೆ.

ಅವತ್ತಿನಿಂದ ಒಂದೇ ನಿಯಮ. ಕ್ಯೂನಲ್ಲಿ, ಅಂದ್ರೆ ಇಳಿಯೋಕೆ ಕಾಯುವ ಫೈಲುಗಳ ಸಾಲಿನಲ್ಲಿ, ಒಂದು ಸಲಕ್ಕೆ ಒಂದೇ ಫೈಲು. ಐಡಿಎಂನ ಶೆಡ್ಯೂಲರ್ ತೆಗೆದರೆ ಕ್ಯೂನ ಫೈಲುಗಳ ಪಟ್ಟಿ ಬರುತ್ತದೆ. ಒಟ್ಟಿಗೆ ಎಷ್ಟು ಇಳಿಸಬೇಕು ಅನ್ನುವ ಅಂಕಿ ಅಲ್ಲೇ ಇದೆ. ಅದನ್ನು 1 ಮಾಡಿದೆ. ಬಾಣದ ಗುರುತು ಒತ್ತಿ ಚಿಕ್ಕದನ್ನೆಲ್ಲ ಮೇಲೆ ತಂದೆ. ಮಾರನೇ ದಿನ ಬೆಳಿಗ್ಗೆ ಎರಡು ಫೈಲು ಕೈಯಲ್ಲಿತ್ತು.

ಇನ್ನು ಪಾಜ್ ವಿಷಯ. ನಾನು ವರ್ಷಗಟ್ಟಲೆ ಅಂದುಕೊಂಡದ್ದು ಪಾಜ್ ಅನ್ನೋದು ನಮ್ಮ ಕೈಯಲ್ಲಿರುವ ಕೆಲಸ ಅಂತ. ನಿಲ್ಲಿಸೋದು ನಮ್ಮ ಕೈಯಲ್ಲಿದೆ, ನಿಜ. ಮತ್ತೆ ಅಲ್ಲಿಂದಲೇ ಶುರುವಾಗುತ್ತಾ ಅನ್ನೋದು ಆ ಕಡೆ ಫೈಲು ಕೊಡುವ ಕಂಪ್ಯೂಟರ್, ಅಂದ್ರೆ ಸರ್ವರ್ ಕೈಯಲ್ಲಿದೆ. ರೆಸ್ಯೂಮ್ ಒತ್ತಿದಾಗ ನಮ್ಮ ಮ್ಯಾನೇಜರ್ ಸರ್ವರ್‌ಗೆ ಕೇಳೋದು ಇಷ್ಟೇ: “ನನ್ನ ಹತ್ತಿರ ಇಷ್ಟು ಬೈಟ್ ಇದೆ, ಅದರ ಮುಂದಿನದು ಕೊಡು.” ಇದಕ್ಕೆ ರೇಂಜ್ ರಿಕ್ವೆಸ್ಟ್ ಅನ್ನುತ್ತಾರೆ. ಸರ್ವರ್ 206 ಅಂತ ಉತ್ತರ ಕೊಟ್ಟರೆ ಗೆದ್ದ ಹಾಗೆ, ತುಂಡು ಕೊಡೋಕೆ ಒಪ್ಪಿದೆ ಅಂತ ಅರ್ಥ. 200 ಅಂತ ಬಂದರೆ ನಮ್ಮ ಮಾತು ಅದಕ್ಕೆ ಕೇಳಲೇ ಇಲ್ಲ, ಮೊದಲಿನಿಂದ ಪೂರ್ತಿ ಫೈಲು ಕಳಿಸುತ್ತಿದೆ.

ಇನ್ನೊಂದು ತೊಡಕು. ನಾವು ನಿಲ್ಲಿಸಿದ್ದಾಗ ಅವರು ಆ ಕಡೆ ಫೈಲನ್ನೇ ಬದಲಾಯಿಸಿದರೆ? ಪುಸ್ತಕದ 112ನೇ ಪುಟಕ್ಕೆ ಗುರುತು ಇಟ್ಟು ಮಲಗಿದ್ದೀರಿ, ಬೆಳಿಗ್ಗೆ ಯಾರೋ ಅದೇ ಪುಸ್ತಕದ ಬೇರೆ ಮುದ್ರಣ ತಂದಿಟ್ಟಿದ್ದಾರೆ ಅಂದುಕೊಳ್ಳಿ. 112ರಲ್ಲಿ ಬೇರೆ ಏನೋ ಇರುತ್ತದೆ. ಅದಕ್ಕೇ ಸರ್ವರ್‌ಗಳು ಫೈಲಿಗೆ ಇ-ಟ್ಯಾಗ್ ಅಂತ ಒಂದು ಗುರುತು, ಇಲ್ಲವೇ ಕೊನೆಗೆ ಬದಲಾದ ದಿನಾಂಕ ಕೊಡುತ್ತವೆ. ಒಳ್ಳೆ ಮ್ಯಾನೇಜರ್ ಅದನ್ನು ನೋಡಿ ಮುಂದುವರಿಯುತ್ತದೆ. ಕಿವಿಕ್ಸ್ ಫೈಲುಗಳ ಹೆಸರಿನಲ್ಲೇ ವರ್ಷ, ತಿಂಗಳು ಇರುತ್ತದೆ. ಹೊಸ ತಿಂಗಳಿನದು ಬಂದ ಮೇಲೆ ಹಳೆಯದು ತುಂಬಾ ದಿನ ಇರಲ್ಲ. ಅದನ್ನು ಪಾಜ್ ಮಾಡಿ ಎರಡು ತಿಂಗಳು ಮರೆತರೆ ಲಿಂಕೇ ಸತ್ತಿರಬಹುದು.

ಹಾಗಾಗಿ ಈಗ ಯಾವುದೇ ದೊಡ್ಡ ಫೈಲು ಕ್ಯೂಗೆ ಹಾಕುವ ಮುಂಚೆ ಒಂದು ನಿಮಿಷದ ಪರೀಕ್ಷೆ ಮಾಡುತ್ತೇನೆ. ಶುರು ಮಾಡು, 20 ಎಂಬಿ ಬರಲಿ, ನಿಲ್ಲಿಸು, ಮತ್ತೆ ಶುರು ಮಾಡು. 20ರಿಂದ ಮುಂದಕ್ಕೆ ಹೋದರೆ ಸರಿ. ಸೊನ್ನೆಗೆ ಬಂದರೆ ಅದು ರಾತ್ರಿ ಕ್ಯೂಗೆ ಲಾಯಕ್ಕಲ್ಲ. ಐಡಿಎಂನ ಡೌನ್‌ಲೋಡ್ ಕಿಟಕಿಯಲ್ಲೇ ರೆಸ್ಯೂಮ್ ಆಗುತ್ತೋ ಇಲ್ಲವೋ ಅಂತ ‘ಯೆಸ್’, ‘ನೋ’ ತೋರಿಸುತ್ತದೆ. ಆದ್ರೂ ನನಗೆ ಕಣ್ಣಾರೆ ನೋಡಿದರೇ ಸಮಾಧಾನ. ಫೈಲಿನ ಒಟ್ಟು ಗಾತ್ರವೇ ತೋರಿಸದಿದ್ದರೆ ಆಗಲೇ ಅನುಮಾನ ಪಡಬೇಕು. ಹತ್ತಾರು ಫೋಟೊ ಒಟ್ಟಿಗೆ ಆರಿಸಿ ಡೌನ್‌ಲೋಡ್ ಕೊಟ್ಟಾಗ ಸರ್ವರ್ ಅಲ್ಲೇ ಆಗಲೇ ಜಿಪ್ ಕಟ್ಟಿ ಕಳಿಸುತ್ತಲ್ಲ, ಅಂಥವು ಹೀಗೆ. ಕಟ್ಟಿ ಮುಗಿಯೋವರೆಗೂ ಎಷ್ಟು ದೊಡ್ಡದು ಅಂತ ಅದಕ್ಕೇ ಗೊತ್ತಿಲ್ಲ, ಇನ್ನು ಮಧ್ಯದಿಂದ ಕೊಡೋದು ಎಲ್ಲಿ. ಅಂಥದ್ದನ್ನು ನಾನು ತಾಲೂಕು ಕೇಂದ್ರಕ್ಕೆ ಸಾಮಾನು ತರೋಕೆ ಹೋದಾಗ ಅಲ್ಲಿನ ಸ್ನೇಹಿತರ ಅಂಗಡಿಯಲ್ಲಿ ಒಂದೇ ಏಟಿಗೆ ಇಳಿಸಿಕೊಳ್ಳುತ್ತೇನೆ.

ರಾತ್ರಿ ಲೆಕ್ಕಕ್ಕೆ ಬರೋಣ. ದಿನದ ಡೇಟಾ ನಡುರಾತ್ರಿ 12ಕ್ಕೆ ಹೊಸದಾಗಿ ಬರುತ್ತದೆ. ಕ್ಯೂ ರಾತ್ರಿ 11ಕ್ಕೆ ಶುರುವಾಗಿ ಬೆಳಿಗ್ಗೆ 5ಕ್ಕೆ ನಿಲ್ಲುವ ಹಾಗೆ ಇಟ್ಟೆ. ಅವತ್ತಿನದು ಉಳಿದಿದ್ದರೆ 12ರ ಒಳಗೆ ಬಳಕೆ ಆಗುತ್ತದೆ, ಆಮೇಲೆ ಹೊಸದು. ಜಾಣತನ ಅಂದುಕೊಂಡೆ. ಮಾರನೇ ಬೆಳಿಗ್ಗೆ ಮೊದಲ ಗಿರಾಕಿ ಆಧಾರ್ ಜೆರಾಕ್ಸ್ ಮಾಡಿಸಿ ಯುಪಿಐನಲ್ಲಿ ಹತ್ತು ರೂಪಾಯಿ ಹಾಕಿದರು. ಬಂತೋ ಇಲ್ಲವೋ ನೋಡೋಕೆ ನನ್ನ ಫೋನಿನಲ್ಲಿ ಆ್ಯಪ್ ತೆರೆಯುತ್ತಿಲ್ಲ. ದಿನದ 2 ಜಿಬಿಯನ್ನು ಕ್ಯೂ ಬೆಳಗಿನ ಜಾವಕ್ಕೇ ಮುಗಿಸಿತ್ತು. ಕೋಟಾ ಮುಗಿದ ಮೇಲೆ ಸಿಗೋದು 64 ಕೆಬಿಪಿಎಸ್. ಅಂದ್ರೆ ಸೆಕೆಂಡಿಗೆ 8 ಕಿಲೋಬೈಟ್, ಗಂಟೆಗೆ 28 ಎಂಬಿ. ಆ ವೇಗದಲ್ಲಿ ಸರ್ವರ್‌ಗಳೂ ಬೇಸತ್ತು ಕನೆಕ್ಷನ್ ಕಡಿದು ಹಾಕುತ್ತವೆ. ಗಿರಾಕಿ ತಮ್ಮ ಫೋನು ನನ್ನ ಮುಖಕ್ಕೆ ಹಿಡಿದು “ನೋಡಿ, ಹೋಗಿದೆ” ಅಂತ ಹಸಿರು ಗುರುತು ತೋರಿಸಿ ಹೋದರು. ಇಡೀ ದಿನ ಹೀಗೇ ನಂಬಿಕೆ ಮೇಲೆ ವ್ಯಾಪಾರ.

ಆಮೇಲೆ ಐಡಿಎಂನ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಮಿತಿ ಹಾಕಿದೆ. ಇಷ್ಟು ಗಂಟೆಗೆ ಇಷ್ಟು ಎಂಬಿಗಿಂತ ಜಾಸ್ತಿ ಬೇಡ ಅಂತ ಹೇಳಬಹುದು. 24 ಗಂಟೆಗೆ 1400 ಎಂಬಿ. ಉಳಿದದ್ದು ಅಂಗಡಿಗೆ.

ಇಲ್ಲೇ ಇನ್ನೊಂದು ಏಟು ತಿಂದೆ. ಈ ಮಿತಿ ಹಾಕುವ ಮುಂಚಿನ ಮಾತು. ಮಧ್ಯಾಹ್ನ ಕ್ಯೂ ಓಡುತ್ತಿತ್ತು, ಅರ್ಜೆಂಟಾಗಿ ಒಂದು ಅರ್ಜಿ ಅಪ್‌ಲೋಡ್ ಮಾಡಬೇಕಿತ್ತು. ಓಡುತ್ತಿದ್ದ ಫೈಲನ್ನು ನಿಲ್ಲಿಸಿದೆ, ಊಟಕ್ಕೂ ಹೋಗಿ ಬಂದೆ. ಬಂದು ನೋಡಿದರೆ ಡೇಟಾ ಖಾಲಿ. ಫೈಲು ನಿಂತಿತ್ತು, ಕ್ಯೂ ನಿಂತಿರಲಿಲ್ಲ. ಒಬ್ಬ ಸಾಲಿನಿಂದ ಪಕ್ಕಕ್ಕೆ ಸರಿದರೆ ಹಿಂದಿನವನು ಕೌಂಟರ್‌ಗೆ ಬರುತ್ತಾನಲ್ವಾ? ಹಾಗೇ ಮುಂದಿನ ಫೈಲು ಎತ್ತಿಕೊಂಡಿದೆ. ಎಲ್ಲ ನಿಲ್ಲಬೇಕು ಅಂದ್ರೆ ಕ್ಯೂವನ್ನೇ ನಿಲ್ಲಿಸಬೇಕು. ಮೇಲಿನ ಪಟ್ಟಿಯಲ್ಲಿರುವ ‘ಸ್ಟಾಪ್’ ಅನ್ನೋ ಹೆಸರು ನೋಡಿ ಹೆದರುವವರಿದ್ದಾರೆ. ಅದು ಪಾಜ್ ಇದ್ದ ಹಾಗೇ, ಇಳಿದದ್ದು ಹೋಗಲ್ಲ. ಹೆದರಬೇಕಾದ್ದು ಪಕ್ಕದ ‘ಡಿಲೀಟ್’ಗೆ.

ಅವಧಿ ಮುಗಿಯುವ ಲಿಂಕ್‌ಗಳು ಬೇರೆಯೇ ಜಾತಿ. ವಿಂಡೋಸ್ 11ರ ಐಎಸ್‌ಓ ಲಿಂಕ್ ಕೊಡುವ ಪೇಜಿನಲ್ಲೇ ಅದು 24 ಗಂಟೆ ಮಾತ್ರ ನಡೆಯುತ್ತದೆ ಅಂತ ಬರೆದಿರುತ್ತಾರೆ. ನನಗೆ ಒಂದು ರಾತ್ರಿಗೆ 1400 ಎಂಬಿ. ಲಿಂಕ್ ಸತ್ತ ಮೇಲೆ ಎಷ್ಟು ರೆಸ್ಯೂಮ್ ಒತ್ತಿದರೂ ಎರರ್. ಬಹಳ ಜನ ಇಲ್ಲಿ ಕೈಚೆಲ್ಲಿ ಡಿಲೀಟ್ ಮಾಡಿ ಮೊದಲಿನಿಂದ ಶುರು ಮಾಡುತ್ತಾರೆ. ಬೇಕಾಗಿಲ್ಲ. ಇಳಿದ ತುಂಡು ನಮ್ಮ ಹತ್ತಿರವೇ ಇದೆ, ಹಳತಾದದ್ದು ವಿಳಾಸ ಮಾತ್ರ. ನಿಂತ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡೌನ್‌ಲೋಡ್ ವಿಳಾಸವನ್ನು ರಿಫ್ರೆಶ್ ಮಾಡುವ ಆಯ್ಕೆ ಇದೆ. ಅದನ್ನು ಒತ್ತಿದರೆ ಬ್ರೌಸರ್‌ನಲ್ಲಿ ಪೇಜ್ ತೆರೆಯುತ್ತದೆ. ಮತ್ತೆ ಅದೇ ಭಾಷೆ, ಅದೇ ಆವೃತ್ತಿ ಆರಿಸಿ ಹೊಸ ಲಿಂಕ್ ಒತ್ತಬೇಕು. ಐಡಿಎಂ ಅದನ್ನು ಹಿಡಿದು ಹಳೇ ತುಂಡಿಗೆ ಜೋಡಿಸಿಕೊಂಡು ಮುಂದೆ ಹೋಗುತ್ತದೆ. ಗಾತ್ರ ಒಂದು ಬೈಟೂ ಆಚೆ ಈಚೆ ಇರಬಾರದು. ನಾನು ಇಂಗ್ಲಿಷ್ ಇಂಟರ್‌ನ್ಯಾಷನಲ್ ಅನ್ನೋದರ ಬದಲು ಅಮೆರಿಕದ ಇಂಗ್ಲಿಷ್ ಆರಿಸಿ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ.

ಹೀಗೆ ಎರಡು ಸಲ ವಿಳಾಸ ಬದಲಾಯಿಸಿ 3.8 ಜಿಬಿ ತಂದಾಗಲೇ ನಮ್ಮ ಹುಡುಗ ಪೊರಕೆ ಹಿಡಿದದ್ದು.

ಐಡಿಎಂ ಇಳಿಯುತ್ತಿರುವ ತುಂಡುಗಳನ್ನು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇಡಲ್ಲ. ಸಿ ಡ್ರೈವ್‌ನಲ್ಲಿ ತನ್ನದೇ ಒಂದು ಟೆಂಪರರಿ ಫೋಲ್ಡರ್‌ನಲ್ಲಿ ಇಟ್ಟು, ಎಲ್ಲ ಬಂದ ಮೇಲೆ ಜೋಡಿಸಿ ಕೊಡುತ್ತದೆ. ಸೆಟ್ಟಿಂಗ್‌ನಲ್ಲಿ ಆ ಜಾಗ ಬದಲಾಯಿಸಬಹುದು. ನಾನು ಡಿ ಡ್ರೈವ್‌ಗೆ ಹಾಕಿ, ಫೋಲ್ಡರ್‌ಗೆ ‘ಮುಟ್ಟಬೇಡ’ ಅಂತಲೇ ಹೆಸರಿಟ್ಟೆ. ಬ್ರೌಸರ್‌ಗಳಿಗೂ ಇಂಥದ್ದೇ ಗುಟ್ಟು. ಕ್ರೋಮ್ ಅರ್ಧ ಫೈಲಿಗೆ ‘ಸಿಆರ್‌ಡೌನ್‌ಲೋಡ್’ ಅಂತ ಬಾಲ ಹಚ್ಚುತ್ತದೆ, ಫೈರ್‌ಫಾಕ್ಸ್ ‘ಪಾರ್ಟ್’ ಅಂತ. ಅವು ಕಸದ ಹಾಗೆ ಕಾಣುತ್ತವೆ, ಅಷ್ಟೇ.

ಜಾಗದ ಮಾತು ಬಂತಲ್ಲ, ಇನ್ನೊಂದು. ಹಿಂದೊಮ್ಮೆ ಬ್ರೌಸರ್‌ನಿಂದ ನೇರವಾಗಿ 16 ಜಿಬಿ ಪೆನ್‌ಡ್ರೈವ್‌ಗೆ ಇಳಿಸುತ್ತಿದ್ದೆ. 4 ಜಿಬಿಗೆ ನಿಂತಿತು. ಜಾಗ ಇಲ್ಲ ಅನ್ನುತ್ತದೆ, ನೋಡಿದರೆ ಹತ್ತು ಜಿಬಿ ಖಾಲಿ ಇದೆ. ನಿಲ್ಲಿಸಿದೆ, ಶುರು ಮಾಡಿದೆ, ಅಟ್ಟ ಹತ್ತಿ ಫೋನು ತಿರುಗಿಸಿಟ್ಟೆ, ನೆಟ್‌ವರ್ಕ್‌ಗೆ ಬೈದೆ. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿ ಇತ್ತು. ಅದರಲ್ಲಿ ಒಂದು ಫೈಲು 4 ಜಿಬಿ ತಲುಪುವ ಹಾಗೇ ಇಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಆಯ್ತು.

ಮಿಂಟ್ ಫೈಲು ಇಳಿಯುವಾಗ ಮಳೆ ಜೋರಾಯಿತು. ಗುಡುಗು ಶುರುವಾದ್ರೆ ನಮ್ಮಲ್ಲಿ ಮೊದಲ ಕೆಲಸ ಪ್ಲಗ್ ಕೀಳೋದು. ಎಚ್ಚರ ಇದ್ದ ದಿನ ಕ್ಯೂ ನಿಲ್ಲಿಸಿ, ಕಂಪ್ಯೂಟರ್ ಸರಿಯಾಗಿ ಆಫ್ ಮಾಡಿ ಕಿತ್ತೆ. ನಿದ್ದೆ ಹತ್ತಿದ ದಿನ ಕರೆಂಟೇ ತಾನಾಗಿ ಹೋಯ್ತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಹೀಗೆ ದಿಢೀರನೆ ಹೋದರೆ ಡಿಸ್ಕಿಗೆ ಬರೆಯಬೇಕಿದ್ದ ಕೊನೆಯ ಚೂರು ಹಾಳಾಗಬಹುದು. ಮ್ಯಾನೇಜರ್ ಮಾತ್ರ ಅದು ಬಂದಿದೆ ಅಂತಲೇ ನಂಬಿಕೊಂಡಿರುತ್ತದೆ.

ಕೊನೆಗೂ 100 ಪರ್ಸೆಂಟ್ ಆಯಿತು. ಪೆನ್‌ಡ್ರೈವ್‌ಗೆ ಬರೆಯುವ ಮುಂಚೆ ಎಸ್‌ಎಚ್‌ಎ-256 ನೋಡಿದೆ. ಇದು ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಗುರುತು, ಹ್ಯಾಶ್ ಅನ್ನುತ್ತಾರೆ. ಫೈಲು ಒಂದು ಚೂರು ಬದಲಾದರೂ ಇದು ಬೇರೆಯಾಗುತ್ತದೆ. 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. 64 ಅಕ್ಷರದ ಸಾಲು. ಮಿಂಟ್‌ನವರು ಕೊಟ್ಟ ಸಾಲಿಗೂ ಇದಕ್ಕೂ ಮೊದಲ ಅಕ್ಷರವೇ ಹೊಂದಲಿಲ್ಲ. ಫೈಲಿನ ಗಾತ್ರ ಮಾತ್ರ ಸರಿಯಾಗೇ ಇತ್ತು. ಎಲ್ಲೋ ಒಂದು ಕಡೆ ಕಲ್ಲು ಸಿಕ್ಕ ಅಕ್ಕಿ, ಎಲ್ಲಿ ಅಂತ ಗೊತ್ತಿಲ್ಲ.

ಮತ್ತೆ 3 ಜಿಬಿ ಇಳಿಸೋಕೆ ಮನಸ್ಸು ಬರಲಿಲ್ಲ. ಆಗ ಹೊಳೆದದ್ದು ಟೊರೆಂಟ್, ಅಂದ್ರೆ ಒಂದೇ ಫೈಲನ್ನು ಹಲವರ ಕಂಪ್ಯೂಟರ್‌ಗಳಿಂದ ತುಂಡು ತುಂಡಾಗಿ ಇಳಿಸುವ ವಿಧಾನ. ಟೊರೆಂಟ್ ಫೈಲಿನಲ್ಲಿ ಪ್ರತಿ ತುಂಡಿಗೂ ಬೇರೆ ಬೇರೆ ಹ್ಯಾಶ್ ಇರುತ್ತದೆ. ಮಿಂಟ್‌ನವರು ಅದೇ ಐಎಸ್‌ಓಗೆ ಟೊರೆಂಟ್ ಕೂಡ ಕೊಡುತ್ತಾರೆ. ಕ್ಯೂಬಿಟ್‌ಟೊರೆಂಟ್ ಅನ್ನೋ ಟೊರೆಂಟ್ ಪ್ರೋಗ್ರಾಂನಲ್ಲಿ ಅದನ್ನು ಸೇರಿಸಿ, ಶುರುವಾಗುವ ಮುಂಚೆ ನಿಲ್ಲಿಸಿದೆ. ನನ್ನ ಹಾಳಾದ ಫೈಲನ್ನು ಅದೇ ಹೆಸರಿನಲ್ಲಿ ಅದು ಇಳಿಸುವ ಫೋಲ್ಡರ್‌ಗೆ ಹಾಕಿ, ‘ಫೋರ್ಸ್ ರೀಚೆಕ್’ ಕೊಟ್ಟೆ. ತುಂಡು ತುಂಡಾಗಿ ನೋಡುತ್ತಾ ಹೋಗಿ 99.8ಕ್ಕೆ ನಿಂತಿತು. ಕೆಟ್ಟದ್ದು ಅಷ್ಟೇ. ರೆಸ್ಯೂಮ್ ಒತ್ತಿದೆ. ಆರು ಎಂಬಿ ಆಸುಪಾಸು ಇಳಿದು ಮುಗಿಯಿತು. ಈಗ 64 ಅಕ್ಷರವೂ ಹೊಂದಿತು. ಇದನ್ನು ಮೊದಲೇ ಟೊರೆಂಟ್‌ನಲ್ಲಿ ಇಳಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಕೇಳಬಹುದು.

ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಎಂಟೂ ಕಂಪ್ಯೂಟರ್‌ಗೆ ಹಾಕಿ ಮುಗಿಸಿದೆವು. ನಮ್ಮ ಹುಡುಗನೇ ಐದಕ್ಕೆ ಹಾಕಿದ. ಆ ಘಟನೆ ಆದ ಮೇಲೆ ಅವನು ಡೆಸ್ಕ್‌ಟಾಪ್ ಮೇಲಿರುವ ಖಾಲಿ ಫೋಲ್ಡರ್ ತೆಗೆಯೋಕೂ ನನಗೆ ಫೋನ್ ಮಾಡುತ್ತಾನೆ. ಮೊನ್ನೆ ಊಟಕ್ಕೆ ಕೂತಿದ್ದಾಗ ಫೋನ್ ಬಂತು. “ಅಣ್ಣಾ, ‘ನ್ಯೂ ಫೋಲ್ಡರ್ 2’ ಅಂತ ಇದೆ. ಒಳಗೆ ಏನೂ ಇಲ್ಲ. ಇರ್ಲಾ?”