ರಾತ್ರಿ ಫೋನ್ ಬಂದಾಗ ನಾನು ಹೇಳಿಕೊಳ್ಳುವ ವಾಕ್ಯ

ರಾತ್ರಿ ಹತ್ತರ ಮೇಲೆ ಫೋನ್ ಬಂದರೆ ನನ್ನ ಎದೆ ಈಗಲೂ ಧಸಕ್ ಅನ್ನುತ್ತದೆ. ಅಪ್ಪ ತೀರಿಕೊಂಡ ಸುದ್ದಿ ಬಂದದ್ದು ಹಾಗೆಯೇ, ನಡುರಾತ್ರಿ, ಫೋನಿನಲ್ಲಿ. ಅದಾದ ಮೇಲೆ ವರ್ಷಗಟ್ಟಲೆ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದೆ. ಬಂದರೆ ತಕ್ಷಣ ಗೊತ್ತಾಗಲಿ ಅಂತ ಇಡುವುದು, ಬಾರದಿರಲಿ ಅಂತ ಬೇಡಿಕೊಳ್ಳುವುದು. ಮಗಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೂ ಸಾಕು, ನನ್ನ ತಲೆಯಲ್ಲಿ ಆಗಲೇ ಅಪಘಾತ ನಡೆದುಹೋಗಿರುತ್ತಿತ್ತು.

ಇದನ್ನು ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರ ಹತ್ತಿರ ಹೇಳಿಕೊಂಡೆ. "ವಿಶ್ವಾಸ ಇದ್ದವರಿಗೆ ಭಯ ಯಾಕೆ ಬರಬೇಕು? ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವತ್ತಿನಿಂದ ನನಗೆ ಎರಡು ಭಯ. ಮೊದಲಿನದ್ದು ಒಂದು, ನನ್ನ ವಿಶ್ವಾಸವೇ ಸುಳ್ಳಿರಬಹುದಾ ಅನ್ನುವುದು ಇನ್ನೊಂದು. ಹೆದರಿಕೆಯನ್ನು ದೇವರಿಂದಲೂ ಬಚ್ಚಿಡತೊಡಗಿದೆ. ಪ್ರಾರ್ಥನೆಯಲ್ಲಿ ಸ್ತೋತ್ರ ಇರುತ್ತಿತ್ತು, ಬೇರೆಯವರಿಗಾಗಿ ಬೇಡಿಕೆ ಇರುತ್ತಿತ್ತು. ನನ್ನ ಹೆದರಿಕೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ.

ದಾರಿ ಕಾಣಿಸಿದ್ದು ಬೈಬಲಿನ 56ನೇ ಕೀರ್ತನೆ. ಅದರ 3ನೇ ವಚನದಲ್ಲಿ, ಮುಂದೆ ಇಸ್ರಾಯೇಲಿನ ರಾಜನಾದ ದಾವೀದ ಹೇಳುವುದು ಇಷ್ಟೇ: ನನಗೆ ಹೆದರಿಕೆಯಾದಾಗ ನಿನ್ನನ್ನೇ ಆಶ್ರಯಿಸುತ್ತೇನೆ. ಎಷ್ಟೋ ಸಲ ಓದಿದ್ದೆ. ಒಂದು ದಿನ ಆ 'ಆದಾಗ' ಕಣ್ಣಿಗೆ ಬಿತ್ತು. ಹೆದರಿಕೆಯೇ ಆಗುವುದಿಲ್ಲ ಅಂತ ಅವನು ಹೇಳುತ್ತಿಲ್ಲ, ಅಲ್ವಾ? ಕೀರ್ತನೆಯ ತಲೆಬರಹ ನೋಡಿದೆ. ಶತ್ರುಗಳಾದ ಫಿಲಿಷ್ಟಿಯರು ಅವನನ್ನು ಗತ್ ಊರಿನಲ್ಲಿ ಹಿಡಿದಾಗಿನದ್ದು ಅಂತಿದೆ.

ಅವನು ಗತ್ ಊರಿಗೆ ಹೋದ ಕಥೆ 1 ಸಮುವೇಲ 21ರಲ್ಲಿದೆ. ಗತ್ ಅಂದರೆ ಫಿಲಿಷ್ಟಿಯರ ದೈತ್ಯ ವೀರ ಗೊಲ್ಯಾತನ ಊರು. ಗೊಲ್ಯಾತನನ್ನು ಕೊಂದವನೇ, ಗೊಲ್ಯಾತನದೇ ಕತ್ತಿ ತೆಗೆದುಕೊಂಡು, ಅದೇ ಊರಿಗೆ ಓಡಿಬಂದಿದ್ದಾನೆ. ಗುರುತು ಹಿಡಿದರು ಅಂತ ಗೊತ್ತಾದಾಗ ರಾಜ ಆಕೀಷನಿಗೆ ಎಷ್ಟು ಹೆದರಿದ ಅಂದರೆ, ಹುಚ್ಚನ ಹಾಗೆ ಬಾಗಿಲು ಕೆರೆದ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡ. ದೈತ್ಯನ ಮುಂದೆ ಕವಣೆ ಬೀಸಿದ ಹುಡುಗನೂ ಇವನೇ, ಬಾಗಿಲು ಕೆರೆದವನೂ ಇವನೇ. ಇವನು ಹೇಳಿದ ಮಾತನ್ನು ನಾನೂ ಹೇಳಬಹುದು ಅನಿಸಿತು. ಆಮೇಲೆ ಮತ್ತಾಯ 26 ತೆರೆದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತಮ್ಮ ಪ್ರಾಣಸಂಕಟವನ್ನು ಶಿಷ್ಯರ ಹತ್ತಿರ ಬಾಯಿಬಿಟ್ಟು ಹೇಳಿಕೊಂಡರು. ಸಾಧ್ಯವಾದರೆ ಇದು ತಪ್ಪಿಹೋಗಲಿ ಅಂತ ಮೂರು ಸಲ ಹೋಗಿ ತಂದೆಯಾದ ದೇವರ ಹತ್ತಿರ ಬೇಡಿದರು. ಅವರೇ ಮುಚ್ಚಿಡದ ಮೇಲೆ ನಾನು ಯಾಕೆ ಮುಚ್ಚಿಡಲಿ?

ಅವತ್ತಿನಿಂದ ಹೆದರಿಕೆಯನ್ನು ಜೋರಾಗಿ, ಒಂದೇ ವಾಕ್ಯದಲ್ಲಿ ಹೇಳುತ್ತೇನೆ. ಸುಮ್ನೆ "ಕಾಪಾಡಪ್ಪಾ" ಅಂದರೆ ನನಗೆ ಸಾಲುವುದಿಲ್ಲ. "ಕರ್ತನೇ, ಮಗಳ ಬಸ್ಸು ಇನ್ನೂ ಬಂದಿಲ್ಲ, ಅವಳಿಗೆ ಏನೋ ಆಗಿದೆ ಅಂತ ಹೆದರಿಕೆಯಾಗುತ್ತಿದೆ" ಅಂತ ಬಿಡಿಸಿ ಹೇಳುತ್ತೇನೆ. ಹಾಗೆ ಹೇಳಿದಾಗ ಹೆದರಿಕೆಗೆ ಒಂದು ಅಂಚು ಸಿಗುತ್ತದೆ, ಮನೆ ತುಂಬಾ ಹರಡಿಕೊಳ್ಳುವುದಿಲ್ಲ. ಆಮೇಲೆ ಆ 3ನೇ ವಚನ. ಆಮೇಲೆ ಕೈಗೆ ಸಿಕ್ಕ ಕೆಲಸ, ಅದು ಬಟ್ಟೆ ಮಡಚುವುದಾದರೂ ಸರಿ.

ನಿಮ್ಮ ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿ ಅಂತ 1 ಪೇತ್ರ 5:7ರಲ್ಲಿ ಇದೆಯಲ್ಲ, ಆ 'ಹಾಕಿ' ಅನ್ನುವುದಕ್ಕೆ ಗ್ರೀಕಿನಲ್ಲಿರುವ ಕ್ರಿಯಾಪದವೇ ಲೂಕ 19:35ರಲ್ಲೂ ಇದೆ. ಅಲ್ಲಿ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕುತ್ತಾರೆ. ಇದು ಗೊತ್ತಾದ ಮೇಲೆ ಚಿಂತೆ ಹಾಕುವುದು ನನಗೆ ಕೈಯಿಂದ ಮಾಡುವ ಕೆಲಸದ ಹಾಗೆ ಕಾಣತೊಡಗಿತು. ಹಾಕಿದ್ದನ್ನು ಮತ್ತೆ ಎಳೆದುಕೊಳ್ಳುತ್ತೇನೆ, ನಿಜ. ಕೆಲವು ರಾತ್ರಿ ನಾಲ್ಕೈದು ಸಲ. ಮತ್ತೆ ಹಾಕುತ್ತೇನೆ.

ಇನ್ನೊಂದು ಮಾತು. ಒಂದು ಕಾಲಕ್ಕೆ ನಿದ್ದೆ ಪೂರ್ತಿ ಹೋಗಿ, ಹಗಲಲ್ಲೂ ಉಸಿರು ಕಟ್ಟಿದಂತಾಗುತ್ತಿತ್ತು. ಆಗ ಡಾಕ್ಟರ ಹತ್ತಿರ ಹೋದೆ, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಅದು ವಿಶ್ವಾಸದ ಕೊರತೆ ಅಂತ ನಾನು ಒಪ್ಪುವುದಿಲ್ಲ. ಪ್ರಾಣಭಯದಿಂದ ಓಡಿಹೋಗಿ, ಸಾವು ಬೇಡಿಕೊಂಡು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಮಾಡು ಅಂದ, ಅಷ್ಟೇ. ಮಧ್ಯದಲ್ಲಿ ಅವನನ್ನು ಮಲಗಲು ಬಿಟ್ಟ.

ಹೋದ ವರ್ಷ ಒಂದು ರಾತ್ರಿ ಹನ್ನೆರಡೂವರೆಗೆ ಫೋನ್ ಬಂತು. ಈಗ ಅದು ದಿಂಬಿನ ಕೆಳಗಿರುವುದಿಲ್ಲ, ಹಜಾರದ ಮೇಜಿನ ಮೇಲಿರುತ್ತದೆ. ಹೋಗಿ ಎತ್ತಿದೆ. ತಮ್ಮ ಮಾತಾಡಿದ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟದ ಮೂಳೆ ಮುರಿದಿರಬಹುದು, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಅಂದ. ನಾನು ಹೆದರುತ್ತಿದ್ದ ಫೋನ್ ಬಂದೇಬಿಟ್ಟಿತ್ತು. ಚೀಲದ ಜಿಪ್ ಹಾಕಲು ಬೆರಳು ಕೇಳುತ್ತಿರಲಿಲ್ಲ, ಅಷ್ಟು ನಡುಗುತ್ತಿತ್ತು. "ಕರ್ತನೇ, ಅಮ್ಮನೂ ಹೋಗಿಬಿಡುತ್ತಾರೆ ಅಂತ ಹೆದರಿಕೆಯಾಗುತ್ತಿದೆ" ಅಂದೆ. ವಚನ ಹೇಳಿದೆ. ಜಿಪ್ ಹಾಗೇ ಬಿಟ್ಟು, ಚೀಲ ಎತ್ತಿಕೊಂಡು ಹೊರಟೆ.