ಕೆನಡಾದ ಮನೆಗೆ ಎಚ್‌ಆರ್‌ವಿ ಕೂರಿಸುವುದು: ಡಬ್ಬಕ್ಕಿಂತ ಡಕ್ಟ್ ಮುಖ್ಯ

ಚಳಿಗಾಲದಲ್ಲಿ ಬೆಳಿಗ್ಗೆ ಎದ್ದಾಗ ಬೆಡ್‌ರೂಮಿನ ಕಿಟಕಿ ಗಾಜಿನ ಬುಡದಲ್ಲಿ ನೀರು ನಿಂತಿರುತ್ತದೆಯಾ? ವಾರ್ಡ್‌ರೋಬ್ ಹಿಂದೆ, ಹೊರಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸುತ್ತಿದೆಯಾ? ಸೋಮವಾರದ ಒಗ್ಗರಣೆ ವಾಸನೆ ಬುಧವಾರವೂ ಮೂಗಿಗೆ ಬಡಿಯುತ್ತದೆಯಾ? ಹಾಗಿದ್ದರೆ ನಿಮ್ಮ ಮನೆಯ ಗಾಳಿ ಹೊರಗೆ ಹೋಗುತ್ತಿಲ್ಲ. ಒಂಟಾರಿಯೊದಲ್ಲಿ ಹಳೇ ಮನೆ ಕೊಂಡು, ಹೊಸ ಕಿಟಕಿ ಹಾಕಿಸಿ, ಅಟ್ಟಕ್ಕೆ ಇನ್ಸುಲೇಶನ್ ತುಂಬಿಸಿ, ಸಂದುಗೊಂದಿಗೆಲ್ಲ ಫೋಮ್ ಹೊಡೆಸಿದ ನಮ್ಮವರ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಗ್ಯಾಸ್ ಬಿಲ್ ಇಳಿಯುತ್ತದೆ, ನಿಜ, ಆದರೆ ಮೊದಲು ಆ ಸಂದುಗಳಿಂದ ತಾನಾಗಿ ಬಂದು ಹೋಗುತ್ತಿದ್ದ ಗಾಳಿಯೂ ನಿಂತುಹೋಗುತ್ತದೆ. ದಿನಾ ಅನ್ನ, ಇಡ್ಲಿ, ಕುಕ್ಕರ್ ಸೀಟಿ, ಎಲ್ಲರ ಬಿಸಿನೀರಿನ ಸ್ನಾನ, ಒಳಗೇ ಒಣಗುವ ಬಟ್ಟೆ. ಅಷ್ಟೂ ಆವಿ ಎಲ್ಲಿಗೆ ಹೋಗಬೇಕು?

ಕಿಟಕಿ ತೆಗೆದರೆ ಆವಿ ಹೋಗುತ್ತದೆ, ಜೊತೆಗೆ ಕಾಸು ಕೊಟ್ಟು ಕಾಯಿಸಿದ ಬಿಸಿಯೂ ಹೋಗುತ್ತದೆ. ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್, ಅಂದರೆ ಬಿಸಿ ಉಳಿಸಿಕೊಂಡು ಗಾಳಿ ಬದಲಿಸುವ ಯಂತ್ರ) ಬಂದಿದ್ದೇ ಇದಕ್ಕೆ. ಒಂದು ಡಬ್ಬ, ಒಳಗೆ ಎರಡು ಫ್ಯಾನು, ನಡುವೆ ತೆಳು ಹಾಳೆಗಳ ಒಂದು ಕೋರ್. ಒಳಗಿನ ಹಳೇ ಗಾಳಿ ಹೊರಗೆ ಹೋಗುವಾಗ ತನ್ನ ಬಿಸಿಯನ್ನು ಹಾಳೆಗೆ ಕೊಟ್ಟು ಹೋಗುತ್ತದೆ, ಹೊರಗಿನ ತಾಜಾ ಗಾಳಿ ಆ ಬಿಸಿ ತಗೊಂಡು ಒಳಗೆ ಬರುತ್ತದೆ, ಎರಡು ಗಾಳಿಯೂ ಒಂದಕ್ಕೊಂದು ಬೆರೆಯುವುದಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಗಾಳಿ ಸೋರದ ಮನೆ ಕಟ್ಟುವ ಯೋಚನೆ ಇಲ್ಲಿ ಶುರುವಾಯಿತು. 1977ರಲ್ಲಿ ಸಸ್ಕಾಚೆವನ್ ಪ್ರಾಂತ್ಯದ ರೆಜೈನಾದಲ್ಲಿ ಕಟ್ಟಿದ ಪ್ರಯೋಗದ ಮನೆಯಲ್ಲೇ ಇಂಥ ಬಿಸಿ ಮರಳಿಸುವ ಸಾಧನ ಇತ್ತು. ಗಾಳಿ ಸೋರದ ಮನೆ ಕಟ್ಟಿದ ಮೇಲೆ ಗಾಳಿಗೆ ಬೇರೆ ದಾರಿ ಮಾಡಲೇಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು.

ಕೊಳ್ಳುವ ಮೊದಲು ಎರಡು ವಿಷಯ ತೀರ್ಮಾನ ಮಾಡಿ. ಮೊದಲನೆಯದು, ಎಚ್‌ಆರ್‌ವಿಯೋ ಇಆರ್‌ವಿಯೋ. ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್) ಬಿಸಿಯ ಜೊತೆ ಸ್ವಲ್ಪ ತೇವವನ್ನೂ ಮರಳಿಸುತ್ತದೆ. ಇಬ್ಬರೇ ಇರುವ ದೊಡ್ಡ ಮನೆ, ಚಳಿಗಾಲದಲ್ಲಿ ತುಟಿ ಒಡೆಯುವಷ್ಟು ಒಣ ಗಾಳಿ ಇದ್ದರೆ ಇಆರ್‌ವಿ ಒಳ್ಳೆಯದು. ಅಪ್ಪ ಅಮ್ಮ ಮಕ್ಕಳು ಎಲ್ಲ ಸೇರಿ ಐದಾರು ಜನ, ಮೂರು ಹೊತ್ತು ಅಡುಗೆ, ಕಿಟಕಿ ತುಂಬಾ ನೀರು ಅಂದರೆ ತೇವ ಹೊರಗೆ ಹಾಕುವ ಎಚ್‌ಆರ್‌ವಿಯೇ ಬೇಕು.

ಎರಡನೆಯದು ಅಳತೆ. ಮನೆಯ ಗಾಳಿ ಸಂಚಾರಕ್ಕೆ ಕೆನಡಾದಲ್ಲಿರುವ ಸಿಎಸ್‌ಎ ಎಫ್‌326 ಮಾನದಂಡದ ಲೆಕ್ಕ ಸುಲಭ. ಮಾಸ್ಟರ್ ಬೆಡ್‌ರೂಮಿಗೆ ನಿಮಿಷಕ್ಕೆ 20 ಘನ ಅಡಿ, ಬೇಸ್‌ಮೆಂಟಿಗೆ 20, ಉಳಿದ ಒಂದೊಂದು ಕೋಣೆಗೂ 10. ಮೂರು ಬೆಡ್‌ರೂಮಿನ ಮನೆ ತಗೊಳ್ಳಿ. ಮಾಸ್ಟರ್ 20, ಬೇಸ್‌ಮೆಂಟ್ 20, ಇನ್ನೆರಡು ಬೆಡ್‌ರೂಮ್ 20, ಹಾಲ್ 10, ಊಟದ ಕೋಣೆ 10, ಅಡುಗೆಮನೆ 10, ಎರಡು ಬಾತ್‌ರೂಮ್ 20, ಲಾಂಡ್ರಿ 10. ಒಟ್ಟು 120. ಯಂತ್ರ ಜೋರು ವೇಗದಲ್ಲಿ ಇಷ್ಟನ್ನು ಕೊಡಬೇಕು. ಮಾಮೂಲಿ ದಿನ ಅದರ ಅರ್ಧದಷ್ಟು ಓಡಿದರೆ ಸಾಕು. ಅಂಗಡಿಯಲ್ಲಿ ನೋಡುವಾಗ ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ. ಡಕ್ಟಿನ, ಅಂದರೆ ಗಾಳಿ ಸಾಗುವ ಕೊಳವೆಯ, ಪ್ರತಿರೋಧ 0.4 ಇಂಚು (ನೀರಿನ ಎತ್ತರದಲ್ಲಿ ಅಳೆಯುವ ಒತ್ತಡ) ಇದ್ದಾಗ ಎಷ್ಟು ಗಾಳಿ ಬರುತ್ತದೆ ಅನ್ನುವ ಸಾಲನ್ನು ಹುಡುಕಿ. ಬಿಸಿ ಮರಳಿಸುವ ಪ್ರಮಾಣವನ್ನು ಸೊನ್ನೆ ಡಿಗ್ರಿಯಲ್ಲೂ ಮೈನಸ್ 25ರಲ್ಲೂ ಪರೀಕ್ಷೆ ಮಾಡಿ ಕೊಟ್ಟಿರುತ್ತಾರೆ. ನಮಗೆ ಮೈನಸ್ 25ರದ್ದೇ ಮುಖ್ಯ, ಅಲ್ವಾ?

ಈಗ ಡಕ್ಟು. ನಿಜವಾದ ಕೆಲಸ ಇರುವುದೇ ಇಲ್ಲಿ, ದುಬಾರಿ ಯಂತ್ರ ತಂದು ಕೆಟ್ಟ ಡಕ್ಟು ಎಳೆದರೆ ದುಡ್ಡು ದಂಡ. ಮೂರು ದಾರಿ ಇವೆ. ಪೂರ್ತಿ ಬೇರೆ ಡಕ್ಟು ಹಾಕುವುದು ಎಲ್ಲಕ್ಕಿಂತ ಚೆನ್ನ, ಆದರೆ ಗೋಡೆ ಒಡೆಯದೆ ಆಗುವುದಿಲ್ಲ. ಫರ್ನೇಸಿನ (ಮನೆಗೆ ಬಿಸಿಗಾಳಿ ಊದುವ ಯಂತ್ರದ) ರಿಟರ್ನ್ ಡಕ್ಟಿನಿಂದಲೇ, ಅಂದರೆ ಕೋಣೆಗಳ ಗಾಳಿ ಅದಕ್ಕೆ ವಾಪಸ್ ಬರುವ ಕೊಳವೆಯಿಂದಲೇ, ಹಳೇ ಗಾಳಿ ಎಳೆದು, ಅಲ್ಲಿಗೇ ತಾಜಾ ಗಾಳಿ ಬಿಡುವುದು ಅಗ್ಗದ ದಾರಿ. ಇದರಲ್ಲಿ ಎಳೆಯುವ ತೂತು ಫರ್ನೇಸಿನಿಂದ ದೂರ, ಬಿಡುವ ತೂತು ಹತ್ತಿರ ಇರಬೇಕು, ಎರಡರ ನಡುವೆ ಮೂರು ಅಡಿಯಾದರೂ ಬಿಡಬೇಕು. ಇಲ್ಲದಿದ್ದರೆ ಈಗ ಬಂದ ತಾಜಾ ಗಾಳಿಯೇ ವಾಪಸ್ ಹೊರಗೆ ಹೋಗುತ್ತದೆ. ಬಾತ್‌ರೂಮಿನ ಆವಿಯಂತೂ ಇದರಲ್ಲಿ ಬೇಗ ಹೋಗುವುದಿಲ್ಲ. ನನ್ನ ಕೇಳಿದರೆ ನಡುವಿನ ದಾರಿ ಹಿಡಿಯಿರಿ: ಬಾತ್‌ರೂಮ್, ಲಾಂಡ್ರಿ, ಅಡುಗೆಮನೆಗಳಿಂದ ಹಳೇ ಗಾಳಿಗೆ ಬೇರೆ ಡಕ್ಟು, ತಾಜಾ ಗಾಳಿ ಮಾತ್ರ ಫರ್ನೇಸಿನ ರಿಟರ್ನಿಗೆ. ಆಗ ಫರ್ನೇಸಿನ ಡಕ್ಟುಗಳೇ ಎಲ್ಲ ಕೋಣೆಗೂ ಗಾಳಿ ಹಂಚುತ್ತವೆ. ಎಚ್‌ಆರ್‌ವಿ ಓಡುವಾಗ ಫರ್ನೇಸಿನ ಫ್ಯಾನೂ ಓಡುವ ಹಾಗೆ ಕಂಟ್ರೋಲ್ ವೈರ್ ಜೋಡಿಸಬೇಕು, ಇದನ್ನು ಬಿಟ್ಟರೆ ತಾಜಾ ಗಾಳಿ ಬೇಸ್‌ಮೆಂಟಿನಲ್ಲೇ ಉಳಿದುಬಿಡುತ್ತದೆ.

ಅಡುಗೆಮನೆಯಲ್ಲಿ ಹಳೇ ಗಾಳಿ ಎಳೆಯುವ ಗ್ರಿಲ್ (ಡಕ್ಟಿನ ಬಾಯಿಯ ಜಾಲರಿ) ಒಲೆಯಿಂದ ನಾಲ್ಕು ಅಡಿಯಾದರೂ ದೂರ ಇರಲಿ. ಒಲೆ ಮೇಲಿನ ಹುಡ್ ಅನ್ನು ಎಚ್‌ಆರ್‌ವಿಗೆ ಯಾವತ್ತೂ ಜೋಡಿಸಬೇಡಿ, ಬಟ್ಟೆ ಒಣಗಿಸುವ ಡ್ರೈಯರ್ ಅಂತೂ ಬೇಡವೇ ಬೇಡ. ಒಗ್ಗರಣೆಯ ಎಣ್ಣೆ ಜಿಡ್ಡು ಕೋರಿನ ತೆಳು ಹಾಳೆಗೆ ಅಂಟಿದರೆ ಕಥೆ ಮುಗೀತು, ಮೇಲಾಗಿ ಬೆಂಕಿಯ ಅಪಾಯ. ಎಚ್‌ಆರ್‌ವಿ ಇದೆ ಅಂತ ಹುಡ್ ಆನ್ ಮಾಡದೆ ಮೆಣಸಿನಕಾಯಿ ಹುರಿಯಬೇಡಿ. ಹೊರಕ್ಕೆ ಗಾಳಿ ಹಾಕುವ ಒಳ್ಳೆಯ ಹುಡ್ ನಮ್ಮ ಅಡುಗೆಗೆ ಬೇರೆಯಾಗಿಯೇ ಬೇಕು.

ಹೊರಗೋಡೆಯಲ್ಲಿ ಎರಡು ತೂತು: ಒಂದು ತಾಜಾ ಗಾಳಿಗೆ, ಒಂದು ಹಳೇ ಗಾಳಿಗೆ. ನಡುವೆ ಆರು ಅಡಿ ಅಂತರ. ತಾಜಾ ಗಾಳಿಯದು ನೆಲದಿಂದ 18 ಇಂಚಾದರೂ ಮೇಲಿರಲಿ, ಅದೂ ಹಿಮ ರಾಶಿ ಬೀಳದ ಗೋಡೆಯಲ್ಲಿ. ಗ್ಯಾಸ್ ಮೀಟರ್, ಫರ್ನೇಸಿನ ಹೊಗೆ ಕೊಳವೆ, ಡ್ರೈಯರ್ ಬಾಯಿ, ಕಸದ ಡಬ್ಬಿ ಹತ್ತಿರ ಬೇಡ. ಡ್ರೈವ್‌ವೇ ಕಡೆಗೂ ಬೇಡ, ಯಾಕಂದರೆ ಜನವರಿಯಲ್ಲಿ ಎಲ್ಲರೂ ಕಾರು ಸ್ಟಾರ್ಟ್ ಮಾಡಿ ಬಿಸಿಯಾಗಲಿ ಅಂತ ಬಿಡುತ್ತಾರೆ, ಆ ಹೊಗೆ ನೇರ ಮಗುವಿನ ಕೋಣೆಗೆ ಬರುತ್ತದೆ. ತೂತು ಕೊರೆಯುವ ಮೊದಲು ಒಳಗಿನಿಂದ ಉದ್ದನೆಯ ಸಣ್ಣ ಬಿಟ್ ಹಾಕಿ ಒಂದು ಗುರುತಿನ ತೂತು ಮಾಡಿ, ಹೊರಗೆ ಹೋಗಿ ಅದು ಎಲ್ಲಿ ಬಂತು ಅಂತ ನೋಡಿ. ವೈರು, ಪೈಪು ಇಲ್ಲ ಅಂತ ಖಾತ್ರಿಯಾದ ಮೇಲೆ ದೊಡ್ಡ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ತೆಗೆಯಿರಿ. ನೆಲದ ಜಾಯಿಸ್ಟ್ (ಮಹಡಿಯ ನೆಲ ಹೊರುವ ತೊಲೆ) ಮುಟ್ಟಬೇಡಿ, ಐ ಆಕಾರದ ಜಾಯಿಸ್ಟ್ ಆದರೆ ಅದರ ಮೇಲಿನ ಕೆಳಗಿನ ಪಟ್ಟಿಯಲ್ಲಿ ಒಂದು ಗಾಯವೂ ಆಗಬಾರದು.

ಯಂತ್ರದಿಂದ ಹೊರಗೋಡೆಗೆ ಹೋಗುವ ಎರಡು ಡಕ್ಟು ಇನ್ಸುಲೇಟೆಡ್ ಆಗಿರಲೇಬೇಕು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲೂ ಹರಿದಿರಬಾರದು. ಆರು ಇಂಚಿನ ಇನ್ಸುಲೇಟೆಡ್ ಫ್ಲೆಕ್ಸ್ (ಬಾಗುವ ಡಕ್ಟು) ಸಾಮಾನ್ಯ. ಇಲ್ಲೊಂದು ಸೂಕ್ಷ್ಮ ಇದೆ. ಒಳಗಿನ ಕೊಳವೆಯನ್ನು ಯಂತ್ರದ ಬಾಯಿಗೆ ಹಾಕಿ ಕ್ಲ್ಯಾಂಪ್ ಬಿಗಿದು ಟೇಪ್ ಸುತ್ತಿದ ಮೇಲೆ, ಇನ್ಸುಲೇಶನ್ನನ್ನು ಯಂತ್ರದ ಮೈಗೆ ತಾಗುವ ತನಕ ಮುಂದೆ ತಳ್ಳಿ, ಹೊರ ಹೊದಿಕೆಯನ್ನು ಬೇರೆಯಾಗಿ ಇನ್ನೊಮ್ಮೆ ಸುತ್ತಲೂ ಸೀಲ್ ಮಾಡಬೇಕು. ಗೋಡೆಯ ಕಡೆಯೂ ಹೀಗೇ. ಎರಡು ಬೆರಳಷ್ಟು ತಣ್ಣನೆಯ ಲೋಹ ಹೊರಗೆ ಕಂಡರೂ ಫೆಬ್ರವರಿಯಲ್ಲಿ ಅಲ್ಲಿಂದ ನೀರು ತೊಟ್ಟಿಕ್ಕಿ, ಇನ್ಸುಲೇಶನ್ ಒದ್ದೆಯಾಗಿ ಡಕ್ಟು ಹೊಟ್ಟೆ ಬಿದ್ದು ನೇತಾಡುತ್ತದೆ. ಬಟ್ಟೆಯ ಡಕ್ಟ್ ಟೇಪ್ ಬೇಡ, ಕೆಲವೇ ವರ್ಷಕ್ಕೆ ಒಣಗಿ ಬಿಟ್ಟುಕೊಳ್ಳುತ್ತದೆ. ಫಾಯಿಲ್ ಟೇಪ್ ಬಳಸಿ. ಫ್ಲೆಕ್ಸ್ ಅನ್ನು ಬಿಗಿಯಾಗಿ ಎಳೆದು ಹಾಕಿ, ಜಾಸ್ತಿ ಉಳಿದಿದ್ದನ್ನು ಸುಮ್ನೆ ಸುರುಳಿ ಮಾಡಿ ಬಿಡದೆ ಕತ್ತರಿಸಿ. ಒಳಗಿನ ಉಳಿದ ಓಟಕ್ಕೆಲ್ಲ ತಗಡಿನ ಗಟ್ಟಿ ಡಕ್ಟೇ ಚೆನ್ನ, ಬಾಗು ಕಡಿಮೆ ಇದ್ದಷ್ಟೂ ಸದ್ದು ಕಡಿಮೆ.

ಯಂತ್ರವನ್ನು ಬೇಸ್‌ಮೆಂಟಿನಲ್ಲಿ ಹೊರಗೋಡೆಗೆ ಹತ್ತಿರ, ಚರಂಡಿಗೆ ಹತ್ತಿರ ನೇತುಹಾಕಿ. ಜೊತೆಗೆ ಬರುವ ಪಟ್ಟಿ, ಸ್ಪ್ರಿಂಗುಗಳಿಂದ ಜಾಯಿಸ್ಟಿಗೆ ತೂಗಿಬಿಟ್ಟರೆ ನಡುಕ ಮೇಲಿನ ಮಹಡಿಗೆ ಹೋಗುವುದಿಲ್ಲ. ತಳದಲ್ಲಿ ನೀರು ಹೋಗುವ ಬಾಯಿಗಳಿರುತ್ತವೆ, ಅವಕ್ಕೆ ಕೊಳವೆ ಜೋಡಿಸಿ, ಒಂದು ಸುತ್ತು ಹಾಕಿ ಟ್ರ್ಯಾಪ್ ಮಾಡಿ, ಅದರಲ್ಲಿ ನೀರು ತುಂಬಿಸಿ, ಚರಂಡಿಯ ಕಡೆ ಇಳಿಜಾರು ಕೊಡಿ. ಟ್ರ್ಯಾಪಿನಲ್ಲಿ ನೀರಿಲ್ಲದಿದ್ದರೆ ಯಂತ್ರ ಚರಂಡಿ ವಾಸನೆಯನ್ನೇ ಎಳೆದು ಮನೆಗೆ ಹಂಚುತ್ತದೆ. ಕರೆಂಟಿಗೆ ಹತ್ತಿರದಲ್ಲೇ ಒಂದು ಪ್ಲಗ್ ಪಾಯಿಂಟ್ ಬೇಕು, ಎಕ್ಸ್‌ಟೆನ್ಶನ್ ವೈರ್ ಬೇಡ. ಹೊಸ ಪಾಯಿಂಟ್ ಹಾಕುವುದಾದರೆ ಒಂಟಾರಿಯೊದಲ್ಲಿ ವಿದ್ಯುತ್ ಸುರಕ್ಷತೆ ನೋಡಿಕೊಳ್ಳುವ ಇಎಸ್‌ಎ ಸಂಸ್ಥೆಗೆ ತಿಳಿಸಬೇಕು, ಡಕ್ಟ್ ಕೆಲಸಕ್ಕೆ ಪರ್ಮಿಟ್ ಬೇಕಾ ಅಂತ ನಿಮ್ಮ ಊರಿನ ಬಿಲ್ಡಿಂಗ್ ವಿಭಾಗವನ್ನು ಮೊದಲೇ ಕೇಳಿ. ಪ್ರತಿ ಬಾತ್‌ರೂಮಿಗೂ ಒಂದು ಟೈಮರ್ ಸ್ವಿಚ್ ಹಾಕಿಸಿ. ಸ್ನಾನ ಮುಗಿಸಿ ಒತ್ತಿದರೆ 20, 40 ಅಥವಾ 60 ನಿಮಿಷ ಯಂತ್ರ ಜೋರಾಗಿ ಓಡುತ್ತದೆ.

ಇಷ್ಟಾದ ಮೇಲೆ ಎಲ್ಲರೂ ಬಿಟ್ಟುಬಿಡುವ ಕೆಲಸ ಒಂದಿದೆ: ಬ್ಯಾಲೆನ್ಸಿಂಗ್. ಒಳಗೆ ಬರುವ ಗಾಳಿ, ಹೊರಗೆ ಹೋಗುವ ಗಾಳಿ ಎರಡೂ ಸಮ ಇರಬೇಕು, ವ್ಯತ್ಯಾಸ ಶೇಕಡಾ 10ರ ಒಳಗೆ. ಹೊರಗೆ ಹೋಗುವುದು ಜಾಸ್ತಿಯಾದರೆ ಮನೆಯೊಳಗೆ ಒತ್ತಡ ಕಡಿಮೆಯಾಗಿ, ಹಳೇ ಮಾದರಿಯ ಗ್ಯಾಸ್ ಗೀಸರಿನ ಹೊಗೆ ಚಿಮಣಿ ಹತ್ತದೆ ವಾಪಸ್ ಒಳಗೆ ಬರಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಜೀವ ತೆಗೆಯುವ ವಿಷ. ನೆಲದಿಂದ ವಿಕಿರಣ ಸೂಸುವ ರೇಡಾನ್ ಅನಿಲವನ್ನೂ ಮನೆ ಜಾಸ್ತಿ ಎಳೆಯುತ್ತದೆ. ಒಳಗೆ ಬರುವುದು ಜಾಸ್ತಿಯಾದರೆ ತೇವದ ಗಾಳಿ ಗೋಡೆಯ ಸಂದಿಗೆ ನುಗ್ಗಿ ಅಲ್ಲಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ಉಳಿದ ಕೆಲಸವೆಲ್ಲ ನೀವೇ ಮಾಡಿದರೂ ಇದೊಂದಕ್ಕೆ ಎಚ್‌ಆರ್‌ಎಐ (ಕೆನಡಾದ ಹೀಟಿಂಗ್, ಕೂಲಿಂಗ್ ಕಸುಬಿನವರ ಸಂಘ) ತರಬೇತಿ ಆದವರನ್ನು ಕರೆಸಿ ಅಂತ ಒತ್ತಿ ಹೇಳುತ್ತೇನೆ. ಅವರು ಕಿಟಕಿ ಬಾಗಿಲು ಮುಚ್ಚಿಸಿ, ಬೇರೆ ಫ್ಯಾನುಗಳನ್ನು ಆಫ್ ಮಾಡಿ, ಫರ್ನೇಸಿನ ಫ್ಯಾನ್ ಓಡಿಸಿ, ಎಚ್‌ಆರ್‌ವಿಯನ್ನು ಜೋರು ವೇಗಕ್ಕೆ ಇಟ್ಟು ಎರಡೂ ಕಡೆ ಒತ್ತಡ ಅಳೆಯುತ್ತಾರೆ, ಜಾಸ್ತಿ ಇರುವ ಕಡೆಯ ಡ್ಯಾಂಪರ್ (ಡಕ್ಟಿನೊಳಗೆ ಗಾಳಿ ತಡೆಯುವ ತಟ್ಟೆ) ಸ್ವಲ್ಪ ಮುಚ್ಚುತ್ತಾರೆ. ಸಿಕ್ಕ ಅಂಕಿಗಳನ್ನು ಯಂತ್ರದ ಮೇಲೆ ಬರೆದು ಅಂಟಿಸಲು ಹೇಳಿ. ನಡುನಡುವೆ ನೀವೇ ಪರೀಕ್ಷೆ ಮಾಡಬೇಕೆಂದರೆ ಎಲೆ ತುಂಬುವ ದೊಡ್ಡ ಪ್ಲಾಸ್ಟಿಕ್ ಚೀಲ ಸಾಕು. ಹೊರಗೋಡೆಯಲ್ಲಿ ಹಳೇ ಗಾಳಿ ಬರುವ ಬಾಯಿಗೆ ಖಾಲಿ ಚೀಲ ಹಿಡಿದು ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ, ಆಮೇಲೆ ತುಂಬಿದ ಚೀಲವನ್ನು ತಾಜಾ ಗಾಳಿಯ ಬಾಯಿಗೆ ಹಿಡಿದು ಖಾಲಿಯಾಗಲು ಎಷ್ಟು ಅಂತ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸರಿ ಇದೆ.

ಮೊದಲ ಚಳಿಗಾಲದಲ್ಲಿ ಒಂದೆರಡು ಸಂಗತಿ ನೋಡಿ ಗಾಬರಿಯಾಗಬೇಡಿ. ಹೊರಗೆ ಮೈನಸ್ 10, ಒಳಗೆ 21 ಇದ್ದು, ಯಂತ್ರ ಶೇಕಡಾ 70ರಷ್ಟು ಬಿಸಿ ಮರಳಿಸಿದರೆ ಬರುವ ಗಾಳಿ ಸುಮಾರು 12 ಡಿಗ್ರಿ ಇರುತ್ತದೆ. ಕೈ ಹಿಡಿದರೆ ತಣ್ಣಗೇ ಅನಿಸುತ್ತದೆ. ಹಾಗಾಗಿಯೇ ಬೇರೆ ಡಕ್ಟು ಹಾಕಿದವರು ಗ್ರಿಲ್ಲನ್ನು ಮಂಚದ ನೇರಕ್ಕೆ ಇಡದೆ ಗೋಡೆಯ ಮೇಲ್ಭಾಗದಲ್ಲಿ ಇಡಬೇಕು. ಇನ್ನು ಚಳಿ ಮೈನಸ್ 5ರ ಸುಮಾರಿಗೆ ಇಳಿದರೆ ಅನೇಕ ಯಂತ್ರಗಳು ಆಗಾಗ ತಾಜಾ ಗಾಳಿ ನಿಲ್ಲಿಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತವೆ, ಸದ್ದೂ ಬದಲಾಗುತ್ತದೆ. ಅದು ಕೋರಿನ ಮೇಲಿನ ಮಂಜು ಕರಗಿಸುವ ಕ್ರಮ, ಕೆಟ್ಟಿಲ್ಲ.

ಫಿಲ್ಟರುಗಳನ್ನು ಎರಡು ಮೂರು ತಿಂಗಳಿಗೊಮ್ಮೆ ತೊಳೆಯಿರಿ, ಎಚ್‌ಆರ್‌ವಿ ಕೋರನ್ನು ವರ್ಷಕ್ಕೊಮ್ಮೆ ಉಗುರು ಬೆಚ್ಚಗಿನ ನೀರಿನಲ್ಲಿ. ಇಆರ್‌ವಿ ಕೋರ್ ಆದರೆ ಕೈಪಿಡಿ ನೋಡದೆ ನೀರು ತಾಗಿಸಬೇಡಿ. ಹೊರಗಿನ ಜಾಲರಿಯನ್ನು ಜೂನ್‌ನಲ್ಲಿ ತಪ್ಪದೆ ನೋಡಿ. ಆಗ ಕಾಟನ್‌ವುಡ್ ಮರದ ಹತ್ತಿ ಹಾರಿ ಬಂದು ಕಂಬಳಿ ಹೊದಿಸಿದ ಹಾಗೆ ಅಂಟಿಕೊಂಡಿರುತ್ತದೆ, ಅರ್ಧ ಗಾಳಿ ಅಲ್ಲೇ ನಿಂತುಹೋಗುತ್ತದೆ. ಜುಲೈ ಸೆಕೆಯಲ್ಲಿ ಹೊರಗಿನ ಗಾಳಿಯೇ ಒದ್ದೆ. ಎಸಿ ಓಡುತ್ತಿರುವಾಗ ಎಚ್‌ಆರ್‌ವಿ ದಿನವಿಡೀ ಓಡಿದರೆ ಆ ತೇವವೂ ಒಳಗೆ ಬರುತ್ತದೆ. ಆ ದಿನಗಳಲ್ಲಿ ಗಂಟೆಗೆ 20 ನಿಮಿಷ ಓಡುವ ಹಾಗೆ ಇಟ್ಟು, ಸ್ನಾನವಾದ ಮೇಲೆ ಮಾತ್ರ ಟೈಮರ್ ಒತ್ತಿ.