ಪ್ರೇಮಿಯ ಮೇಲೇ ಅನುಮಾನ ಬರಬೇಕು: ನನ್ನ ಕಿರುಕಾದಂಬರಿ ಅನುಭವ

20 ಸಾವಿರ ಪದದ ಕಥೆಗೆ ಮಾರ್ಕೆಟ್ ಇಲ್ಲ ಅಂತ ನನಗೆ ಹೇಳದವರೇ ಇಲ್ಲ. ವಿಶೇಷಾಂಕಕ್ಕೆ ಉದ್ದ, ಪುಸ್ತಕಕ್ಕೆ ಗಿಡ್ಡ. ಪ್ರೇಮ, ಸಸ್ಪೆನ್ಸ್ ಎರಡೂ ಇಷ್ಟರಲ್ಲಿ ಹಿಡಿಸಲ್ಲ, ಒಂದನ್ನು ಬಿಡಿ ಅಂತ ಬರೆಯುವ ಗೆಳೆಯರೇ ಅಂದರು. ಈಗ ಅದೇ ಅಳತೆಯ ಮೂರು ಕಥೆಗಳು ಧಾರಾವಾಹಿಯಾಗಿ ಬಂದು, ಒಂದೇ ಪುಸ್ತಕವಾಗಿ ಮಾರಾಟವಾಗಿವೆ. ಹಾಗಾಗಿ ಸ್ವಲ್ಪ ಜಂಭದಿಂದಲೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಎರಡು ದೊಡ್ಡ ಕಾದಂಬರಿಗೆ ದುಡ್ಡು ಸುರಿದಿದ್ದೆ. ಒಂದೊಂದೂ 500 ಪ್ರತಿ, ಕವರ್ ಡಿಸೈನ್ ಸೇರಿ ತಲಾ 45-50 ಸಾವಿರ ಆಗಿರಬೇಕು. ಅರ್ಧಕ್ಕರ್ಧ ಇನ್ನೂ ಅಟ್ಟದ ಮೇಲಿವೆ. ಅವುಗಳಲ್ಲಿ ಪ್ರೇಮಕ್ಕೊಂದು ಅಧ್ಯಾಯ, ಕೊಲೆಗೊಂದು ಅಧ್ಯಾಯ ಅಂತ ಸರದಿ ಇತ್ತು. ನಮ್ಮತ್ತೆ ಕೊಲೆಯ ಅಧ್ಯಾಯಗಳನ್ನೆಲ್ಲ ಹಾರಿಸಿ ಓದಿ, ‘ಚೆನ್ನಾಗಿದೆ ಕಣೇ’ ಅಂದರು. ಅವರಿಗೆ ಏನೂ ತಪ್ಪಿಹೋಗಿರಲಿಲ್ಲ! ರೋಗ ಏನು ಅಂತ ಅವತ್ತೇ ತಿಳಿಯಿತು.

ಆಮೇಲೆ ಬರೆದದ್ದರಲ್ಲಿ ಎರಡಕ್ಕೂ ಒಂದೇ ಪ್ರಶ್ನೆ ಇಟ್ಟೆ: ಇವನನ್ನು ನಂಬಬಹುದಾ? ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ತೀರಿಕೊಂಡ ಚಿಕ್ಕಪ್ಪನ ಜಮೀನಿಗೆ ಪೌತಿ ಖಾತೆ ಮಾಡಿಸಲು, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಬದಲಿಸಲು, ಹುಡುಗಿ ಬರುತ್ತಾಳೆ. ಇ.ಸಿ. (ಜಮೀನಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿದರೆ ಜಮೀನು ಆಗಲೇ ಮಾರಾಟ ಆಗಿದೆ. ಬರೆದುಕೊಟ್ಟವನು ಜಿಪಿಎ (ಮಾಲೀಕರ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರಪತ್ರ) ಹಿಡಿದುಕೊಂಡಿದ್ದವನು, ಅದೂ ಚಿಕ್ಕಪ್ಪ ಸತ್ತ ಮೇಲೆ. ಜಿಪಿಎ ಕೊಟ್ಟವರು ತೀರಿಕೊಂಡ ಮೇಲೆ ಸಾಮಾನ್ಯವಾಗಿ ಅದಕ್ಕೆ ಬೆಲೆ ಇಲ್ಲ. ಇ.ಸಿ.ಯಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರ ಹೆಸರು ಸಿಗುತ್ತದೆ, ಸಾಕ್ಷಿಗಳದ್ದು ಸಿಗಲ್ಲ. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ನಕಲಿಗೆ ಅರ್ಜಿ ಹಾಕಬೇಕು. ನಕಲು ಕೈಗೆ ಬರುವಷ್ಟರಲ್ಲಿ ಅವಳಿಗೆ ಪಕ್ಕದ ತೋಟದವನು ಇಷ್ಟವಾಗಿರುತ್ತಾನೆ. ನಕಲಿನ ಕೊನೆಯ ಹಾಳೆಯಲ್ಲಿ ಸಾಕ್ಷಿ ರುಜು ಅವನದ್ದೇ.

ಈ ಕಥೆಯಲ್ಲಿ ಸಸ್ಪೆನ್ಸನ್ನು ಹಾರಿಸಿ ಓದಿ ನೋಡೋಣ. ಪ್ರೇಮವೂ ಅರ್ಥವಾಗಲ್ಲ.

ಪ್ರೇಮಿಗೆ ಎರಡು ಸುಳ್ಳು ಕೊಡುತ್ತೇನೆ. ಒಂದು, ಆ ಕ್ರಯಪತ್ರಕ್ಕೆ ಸಂಬಂಧಿಸಿದ್ದು. ಇನ್ನೊಂದು ಬರೀ ನಾಚಿಕೆಯದ್ದು, ಸಾಲದ್ದೋ ಮುರಿದ ನಿಶ್ಚಿತಾರ್ಥದ್ದೋ. ಅವಳು ಎರಡನ್ನೂ ಒಂದೇ ಅಂದುಕೊಂಡು ಹೆದರಬೇಕು. ನಾಚಿಕೆಯ ಸುಳ್ಳು ಅರ್ಧ ಕಥೆಯಲ್ಲೇ ಬಯಲಾಗಲಿ. ಓದುಗರು ಉಸಿರು ಬಿಡುತ್ತಾರೆ, ಅವನನ್ನು ಕ್ಷಮಿಸಿಬಿಡುತ್ತಾರೆ. ಆಗ ಕ್ರಯಪತ್ರದ ಸುಳ್ಳು ಜೋರಾಗಿ ಹೊಡೆಯುತ್ತದೆ.

ಮಳೆಗಾಲ ಇಡಿ ಅಂತ ಎಲ್ಲರ ಸಲಹೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್, ಕರೆಂಟಿಲ್ಲ, ಟವರಿಲ್ಲ. ಮೊದಲ ಕರಡು ಹಾಗೇ ಇತ್ತು, ಸುಮಾರು 30 ಸಾವಿರ ಪದ. ಮಳೆಯಲ್ಲಿ ಎಲ್ಲರೂ ಮನೆಯೊಳಗೆ ಸೇರಿ ಬರೀ ಕಾಫಿ ಕುಡಿಯುತ್ತಿದ್ದರು! ಹರಿದು ಹಾಕಿ ಡಿಸೆಂಬರಿನ ಕುಯ್ಲಿಗೆ ತಂದೆ. ಹೊರಗಿನ ಆಳುಗಳು, ತೋಟದ ಲೆಕ್ಕ ಬರೆಯುವ ರೈಟರು, ವ್ಯಾಪಾರಿ, ಸಂಜೆ ತೂಕ, ರಾತ್ರಿ ಕಣದಲ್ಲಿ ಟಾರ್ಪಾಲ್ ಹೊದಿಸಿ ಕಾವಲು. ಯಾರು ಎಲ್ಲಿ ಯಾಕಿದ್ದಾರೆ ಅಂತ ಕಾರಣ ಹುಡುಕುವ ಕೆಲಸವೇ ಇಲ್ಲ.

ಹಾಗಾದರೆ ಅವಳು 112ಕ್ಕೆ ಯಾಕೆ ಫೋನ್ ಮಾಡಲ್ಲ? ಈಗಿನ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ. ಟವರ್ ಇಲ್ಲ ಅನ್ನುವುದು ಒಂದು ಸಲ ನಡೆಯುತ್ತದೆ. ಫೋನ್ ಮಾಡಿದರೆ ತನ್ನವರೇ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದು ಕಡೆತನಕ ನಡೆಯುತ್ತದೆ. ಇಲ್ಲಿ ಆ ಜಿಪಿಎಗೆ ಮೊದಲು ಓಡಾಡಿದ್ದು ಅವಳ ಸ್ವಂತ ಅಣ್ಣ.

ಅಧ್ಯಾಯ 1,200 ಪದ ಆಸುಪಾಸು. ಮೊದಲೆಲ್ಲ ಬಾಗಿಲು ಬಡಿದ ಸದ್ದಿಗೆ ನಿಲ್ಲಿಸುತ್ತಿದ್ದೆ. ಈಗ ಅವಳು ಬಾಗಿಲು ತೆಗೆದು, ಅವನನ್ನು ನೋಡಿ, ನಕಲನ್ನು ದಿಂಬಿನಡಿ ತಳ್ಳಿದ ಮೇಲೆ ನಿಲ್ಲಿಸುತ್ತೇನೆ. ಯಾರು ಬಂದರು ಅನ್ನುವುದಕ್ಕಿಂತ ಇವಳು ಯಾಕೆ ಮುಚ್ಚಿಟ್ಟಳು ಅನ್ನುವುದು ಜನರನ್ನು ಜಾಸ್ತಿ ಕಾಡುತ್ತದೆ. ಕೊನೆಯಿಂದ ಮೂರನೇ ಅಧ್ಯಾಯದಲ್ಲಿ ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಮಾತ್ರ ಹೇಳಲ್ಲ, ನನ್ನ ಹೊಟ್ಟೆಪಾಡು ಅದು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಕೆಲವು ಅಧ್ಯಾಯ ನಾನೇ ಓದಿ, ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶವಾಗಿ ಹತ್ತಿಪ್ಪತ್ತು ಜನರಿಗೆ ಕಳಿಸಿದೆ. ವರ್ಣನೆ ಬಂದ ಕಡೆ ಒಬ್ಬರೂ ನಿಲ್ಲಲಿಲ್ಲ, ವೇಗ ಹೆಚ್ಚಿಸಿಕೊಂಡು ಕೇಳಿದರಂತೆ. ಜಗಳದ ಮಾತನ್ನು ಮಾತ್ರ ಹಿಂದೆ ಹೋಗಿ ಮತ್ತೆ ಕೇಳಿದ್ದಾರೆ. ಅದಾದ ಮೇಲೆ ಮಂಜು, ಬೆಟ್ಟ ಎಲ್ಲ ಎರಡು ಸಾಲಿಗೆ ಇಳಿದವು. ಗಂಡಸಿನ ಬಾಯಲ್ಲಿ ಕಥೆ ಹೇಳಿಸಿಯೂ ನೋಡಿದೆ. ಅನುಮಾನವೇ ಹುಟ್ಟಲಿಲ್ಲ, ಬಿಟ್ಟೆ.

ಇನ್ನು ದುಡ್ಡು. ಧಾರಾವಾಹಿಗೆ ಒಂದೊಂದಕ್ಕೆ 10-12 ಸಾವಿರ ಬಂತು, ಒಂದು ಕಡೆಯದ್ದು ತಿಂಗಳುಗಟ್ಟಲೆ ತಡವಾಗಿ. ಮೊಬೈಲ್‌ನಲ್ಲಿ ಓದುವವರಿಂದ ತಿಂಗಳಿಗೆ ಒಂದೆರಡು ಸಾವಿರ, ಕೆಲವು ತಿಂಗಳು ಅದೂ ಇಲ್ಲ. ಮೂರನ್ನೂ ಸೇರಿಸಿ ಅಚ್ಚು ಹಾಕಿಸಿದ 300 ಪ್ರತಿ ವರ್ಷದೊಳಗೆ ಖಾಲಿ. ಖರ್ಚು ಕಳೆದು 15 ಸಾವಿರದ ಹತ್ತಿರ ಉಳಿಯಿತು. ಅಟ್ಟದ ಮೇಲಿನ ಸಾಲ ಅದರಲ್ಲಿ ತೀರಿಲ್ಲ ಬಿಡಿ. ನಾಲ್ಕನೆಯದಕ್ಕೆ ಈ ಸಲ ಧಾರಾವಾಹಿ ಹಾಕುವವರ ಹತ್ತಿರ ಅರ್ಧ ದುಡ್ಡು ಮುಂಗಡ ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀವಿ ಅಂದಿದ್ದಾರೆ.